ಶಾಲೆಯ ಸಭಾಂಗಣದಲ್ಲಿ ಸಿನಿಮಾ: ಟಿಕೆಟ್ ಇಡಬಹುದೇ?

ಪ್ರಶ್ನೆ: ಗದಗ ತಾಲ್ಲೂಕಿನ ಪ್ರೌಢಶಾಲೆಯೊಂದರ ಮುಖ್ಯ ಶಿಕ್ಷಕಿ ನಾನು. ನಮ್ಮ ಸಭಾಂಗಣ 60 ಅಡಿ ಉದ್ದ, ಮೇಲೆ ತಗಡು. ತಿಂಗಳಿಗೊಂದು ಶನಿವಾರ ಮಕ್ಕಳಿಗೆ ಒಳ್ಳೆಯ ಸಿನಿಮಾ ತೋರಿಸುವ ಆಸೆ. ಊರವರಿಗೂ 20 ರೂಪಾಯಿ ಟಿಕೆಟ್ ಇಟ್ಟು ಗ್ರಂಥಾಲಯಕ್ಕೆ ದುಡ್ಡು ಕೂಡಿಸೋಣ ಎನ್ನುತ್ತಾರೆ ಹಳೆಯ ವಿದ್ಯಾರ್ಥಿಗಳು. ನನ್ನ ಒಟಿಟಿ ಖಾತೆಯಿಂದಲೇ ತೋರಿಸಬಹುದೇ? ಎಂಥ ಪ್ರೊಜೆಕ್ಟರ್ ಬೇಕು?

ಉತ್ತರ: ಖಂಡಿತ ತೋರಿಸಿ. ಟಿಕೆಟ್ ಮಾತ್ರ ಬೇಡ.

1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಜೆ) ಕಲಂನಲ್ಲಿ ಶಾಲೆ-ಕಾಲೇಜುಗಳಿಗೆಂದೇ ಒಂದು ವಿನಾಯಿತಿ ಇದೆ. ಶಾಲೆಯ ಚಟುವಟಿಕೆಯಾಗಿ ಸಿನಿಮಾ ತೋರಿಸುವಾಗ ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪಾಲಕರು ಮತ್ತು ಶಾಲೆಯ ಚಟುವಟಿಕೆಗೆ ಸಂಬಂಧಪಟ್ಟವರು ಮಾತ್ರ ಕುಳಿತಿದ್ದರೆ ಅದು ಹಕ್ಕಿನ ಉಲ್ಲಂಘನೆ ಅಲ್ಲ. ಅಂದರೆ ಎಲ್ಲವೂ ನಿಂತಿರುವುದು ಒಳಗೆ ಕುಳಿತವರು ಯಾರು ಎಂಬುದರ ಮೇಲೆ. ಅಲ್ಲಿ ಟಿಕೆಟ್ಟಿನ ಮಾತೇ ಇಲ್ಲವಲ್ಲ ಎಂದು ಯಾರಾದರೂ ವಾದಿಸಬಹುದು. ಆದರೆ ಟಿಕೆಟ್ ಇಟ್ಟು ಊರಿಗೆ ಊರನ್ನೇ ಕರೆದ ಮೇಲೆ ಅದು ಸಾರ್ವಜನಿಕ ಪ್ರದರ್ಶನವಾಗುತ್ತದೆ. ದುಡ್ಡು ಪುಸ್ತಕಕ್ಕೇ ಹೋಗುತ್ತದೆ ಎಂಬ ಸಮಾಧಾನ ಅಲ್ಲಿ ನಡೆಯುವುದಿಲ್ಲ. ತಿಳಿದೂ ಹಕ್ಕು ಮುರಿದರೆ 63ನೇ ಕಲಂ ಪ್ರಕಾರ ಆರು ತಿಂಗಳಿಂದ ಮೂರು ವರ್ಷ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಇಂಥ ಪ್ರದರ್ಶನಕ್ಕೆ 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯ ಲೈಸೆನ್ಸಿನ ಪ್ರಶ್ನೆಯೂ ಏಳುತ್ತದೆ. ಹಳೆಯ ವಿದ್ಯಾರ್ಥಿಗಳಲ್ಲಿ ಶಾಲೆಯ ಸಮಿತಿಯಲ್ಲಿ ದುಡಿಯುವವರನ್ನು ಸಂಬಂಧಪಟ್ಟವರು ಎನ್ನಬಹುದು, ಉಳಿದವರನ್ನು ಆ ಲೆಕ್ಕಕ್ಕೆ ಸೇರಿಸಬೇಡಿ.

ಊರವರಿಗೂ ತೋರಿಸಲೇಬೇಕೆಂದಿದ್ದರೆ ನಿರ್ಮಾಪಕರಿಂದ ಲಿಖಿತ ಒಪ್ಪಿಗೆ ತನ್ನಿ, ಜಿಲ್ಲಾಧಿಕಾರಿ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಸಿನಿಮಾದ ಕೃತಿಸ್ವಾಮ್ಯ 60 ವರ್ಷ. 1960ರಲ್ಲಿ ಬಿಡುಗಡೆಯಾದ ಚಿತ್ರದ ಹಕ್ಕು 2020ರ ಕೊನೆಗೇ ಮುಗಿದಿದೆ. ಹಳೆಯ ಕಪ್ಪು-ಬಿಳುಪು ಚಿತ್ರಗಳಿಂದ ಶುರು ಮಾಡಿದರೆ ಅಜ್ಜ-ಅಜ್ಜಿಯರೂ ಖುಷಿಪಡುತ್ತಾರೆ.

ಒಟಿಟಿಯದು ಬೇರೆ ತಕರಾರು. ನೀವು ಒಪ್ಪಿದ ಷರತ್ತುಗಳಲ್ಲಿ ಸಾಮಾನ್ಯವಾಗಿ ‘ವೈಯಕ್ತಿಕ ಬಳಕೆಗೆ ಮಾತ್ರ’ ಎಂದಿರುತ್ತದೆ. ಕಾಯ್ದೆಯ ವಿನಾಯಿತಿ ಇದ್ದರೂ ಆ ಒಪ್ಪಂದ ಮುರಿದಂತಾಗುತ್ತದೆ. ಮೇಲಾಗಿ ನಕಲು ತಡೆಯುವ ಎಚ್‌ಡಿಸಿಪಿ ವ್ಯವಸ್ಥೆ ಇರುವುದರಿಂದ ಹಳೆಯ ಪ್ರೊಜೆಕ್ಟರಿಗೋ ಹಳೆಯ ಬಗೆಯ ವಿಜಿಎ ತಂತಿಗೋ ಜೋಡಿಸಿದರೆ ಶಬ್ದ ಮಾತ್ರ ಬಂದು ಪರದೆ ಕಪ್ಪಗೇ ಉಳಿಯಬಹುದು. ಅಸಲಿ ಡಿವಿಡಿ ಕೊಳ್ಳುವುದೇ ನೆಮ್ಮದಿ. ಸಿನಿಮಾದ ಸೆನ್ಸಾರ್ ಪ್ರಮಾಣಪತ್ರವನ್ನೂ ನೋಡಿ: ಪಾಲಕರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ ‘ಯುಎ’ ಈಗ ವಯಸ್ಸಿನ ಪ್ರಕಾರ 7+, 13+, 16+ ಎಂದು ಮೂರಾಗಿದೆ. ಎಂಟನೆಯವರನ್ನೂ ಹತ್ತನೆಯವರನ್ನೂ ಒಟ್ಟಿಗೆ ಕೂಡಿಸುವಾಗ ಕಿರಿಯವರ ವಯಸ್ಸೇ ಅಳತೆ.

ಈಗ ಪ್ರೊಜೆಕ್ಟರ್. ಕೊನೆಯ ಸಾಲು ಪರದೆಯಿಂದ 50 ಅಡಿ ಎಂದುಕೊಳ್ಳಿ. ಪರದೆಯ ಎತ್ತರ ಹೆಚ್ಚುಕಮ್ಮಿ ಆ ದೂರದ ಆರನೇ ಒಂದು ಪಾಲು ಇರಬೇಕು: ಎಂಟು ಅಡಿ ಎತ್ತರ, ಹದಿನಾಲ್ಕು ಅಡಿ ಅಗಲ. ಪೂರ್ತಿ ಕತ್ತಲಿದ್ದರೆ ಇದಕ್ಕೆ 2000 ಲ್ಯೂಮೆನ್ಸ್ (ಪ್ರೊಜೆಕ್ಟರಿನ ಬೆಳಕಿನ ಅಳತೆ) ಸಾಕು. ಆದರೆ ನಿಮ್ಮದು ಶನಿವಾರ, ಬೆಳಗಿನ ಶಾಲೆ, ನಮ್ಮ ಕಡೆಯ ಬಿಸಿಲು ಬೇರೆ. ಕಿಟಕಿಗೆ ದಪ್ಪ ಕಪ್ಪು ಬಟ್ಟೆ ಕಟ್ಟಿಯೂ 5000 ಲ್ಯೂಮೆನ್ಸಿನದನ್ನೇ ತರಿಸಿ. ಹುಬ್ಬಳ್ಳಿಯಿಂದ ಬಾಡಿಗೆಗೆ ತರುವಾಗ ‘ಥ್ರೋ’ (ಪರದೆಯ ಅಗಲದ ಎಷ್ಟು ಪಟ್ಟು ದೂರ ಇಡಬೇಕು ಎಂಬ ಲೆಕ್ಕ) ಎಷ್ಟು ಎಂದು ಕೇಳಿ. 1.5 ಇದ್ದರೆ ಪರದೆಯಿಂದ 21 ಅಡಿ ದೂರ ಇಡಬೇಕು.

ಚಿತ್ರ ಸ್ವಲ್ಪ ಮಸುಕಾದರೆ ಮಕ್ಕಳು ಸಹಿಸುತ್ತಾರೆ, ಮಾತು ತಿಳಿಯದಿದ್ದರೆ ಹತ್ತೇ ನಿಮಿಷದಲ್ಲಿ ಗದ್ದಲ. ತಗಡು, ಬರಿಗೋಡೆ, ಕಡಪಾ ನೆಲ ಎಲ್ಲವೂ ದನಿಯನ್ನು ತಿರುಗಿ ಎಸೆಯುತ್ತವೆ. ನೆಲಕ್ಕೆ ಜಮಖಾನೆ ಹಾಸಿ, ಹಿಂದಿನ ಗೋಡೆಗೆ ದಪ್ಪ ಕೌದಿ ಇಳಿಬಿಡಿ. ಸ್ಪೀಕರ್ ಪರದೆಯ ಎರಡೂ ಬದಿ, ಮಕ್ಕಳ ತಲೆಗಿಂತ ಮೇಲಿರಲಿ. ಬ್ಲೂಟೂತ್ ಬೇಡ, ತುಟಿ ಒಂದು ಕಡೆ ಮಾತು ಒಂದು ಕಡೆ ಆಗುತ್ತದೆ. ಜೋರು ಮಳೆಗೆ ಮಾತ್ರ ಯಾವ ಸ್ಪೀಕರೂ ಸಾಟಿಯಲ್ಲ. ಮಳೆಗಾಲದಲ್ಲಿ ಮುಂದೂಡುವ ದಿನವೊಂದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

ಕೊನೆಯ ಮಾತು ಬಾಗಿಲಿನದು, ಇದರಲ್ಲಿ ದಯವಿಟ್ಟು ರಾಜಿಯಾಗಬೇಡಿ. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಬೆಂಕಿ-ಹೊಗೆಗೆ 59 ಜನ ಸತ್ತರು, ಹೊರಗೆ ಬರುವ ದಾರಿ ಸರಿಯಿರಲಿಲ್ಲ. ಕತ್ತಲು ಮಾಡಲು ಹೋಗಿ ಬಾಗಿಲಿಗೆ ಅಗಳಿ ಹಾಕಬೇಡಿ, ದಪ್ಪ ಬಟ್ಟೆ ಇಳಿಬಿಟ್ಟರೆ ಸಾಕು. ಪ್ರತಿ ಬಾಗಿಲಲ್ಲೂ ಬ್ಯಾಟರಿ ಹಿಡಿದ ಶಿಕ್ಷಕರೊಬ್ಬರು ನಿಲ್ಲಲಿ, ನಡುವೆ ನಾಲ್ಕಡಿ ದಾರಿ ಖಾಲಿ ಇರಲಿ, ವೈರು ಆ ದಾರಿಗೆ ಅಡ್ಡ ಬರದಿರಲಿ.