‘ನೋ ಸೂನರ್’ ಜೊತೆ ‘ವೆನ್’ ಏಕೆ ಬರುವುದಿಲ್ಲ?

‘ನೋ ಸೂನರ್ ಡಿಡ್ ದ ಬೆಲ್ ರ‍್ಯಾಂಗ್ ವೆನ್ ವಿ ರ‍್ಯಾನ್ ಔಟ್’ ಎಂದು ಬರೆದು ನಿಮ್ಮ ಮಗಳು ಅಂಕ ಕಳೆದುಕೊಂಡಳು, ತಪ್ಪೇನೆಂದು ತಿಳಿಯಲಿಲ್ಲ ಎಂದಿದ್ದೀರಿ. ತಪ್ಪು ಎರಡಿವೆ.

‘ಸೂನರ್’ ಎಂಬುದು ‘ಟಾಲರ್’, ‘ಬಿಗ್ಗರ್’ಗಳ ಹಾಗೆ ಹೋಲಿಕೆಯ ರೂಪ. ಇದನ್ನು ಶಾಲೆಯಲ್ಲಿ ಬಿಡಿಸಿ ಹೇಳದೆ ಬರೀ ಬಾಯಿಪಾಠ ಮಾಡಿಸುತ್ತಾರೆ, ಅದೇ ನನಗೆ ಬೇಸರ. ಟಾಲರ್ ಆದಮೇಲೆ ದ್ಯಾನ್ ಬರುವಂತೆ ಸೂನರ್ ಆದಮೇಲೂ ‘ದ್ಯಾನ್’ ಬರುತ್ತದೆ. ‘ವೆನ್’ ಜೋಡಿಯಾಗುವುದು ‘ಹಾರ್ಡ್‌ಲಿ’, ‘ಸ್ಕೇರ್ಸ್‌ಲಿ’ಗಳಿಗೆ, ಅವುಗಳಲ್ಲಿ ಹೋಲಿಕೆ ಇಲ್ಲ.

ಇನ್ನು ‘ಡಿಡ್’ ಭೂತಕಾಲವನ್ನು ತಾನೇ ಹೊತ್ತಿರುವುದರಿಂದ ‘ರ‍್ಯಾಂಗ್’ ಬೇಡ, ‘ರಿಂಗ್’ ಸಾಕು. ಸರಿಯಾದ ವಾಕ್ಯ: ‘ನೋ ಸೂನರ್ ಡಿಡ್ ದ ಬೆಲ್ ರಿಂಗ್ ದ್ಯಾನ್ ವಿ ರ‍್ಯಾನ್ ಔಟ್.’

‘ಆಲ್ದೋ’ ಬಂದ ವಾಕ್ಯದಲ್ಲಿ ‘ಬಟ್’ ಏಕೆ ಕೂಡದು ಎಂಬ ನಿಮ್ಮ ಇನ್ನೊಂದು ಪ್ರಶ್ನೆಗೆ ಕನ್ನಡದಲ್ಲೇ ಉತ್ತರವಿದೆ. ‘ಮಳೆ ಬಂದರೂ ಆಟ ನಿಲ್ಲಲಿಲ್ಲ’ ಎನ್ನುತ್ತೇವೆ. ‘ಮಳೆ ಬಂದರೂ ಆದರೆ ಆಟ ನಿಲ್ಲಲಿಲ್ಲ’ ಎನ್ನುವುದಿಲ್ಲ. ‘ಬಂದರೂ’ ಮಾಡುವ ಕೆಲಸವನ್ನೇ ಇಂಗ್ಲಿಷಿನಲ್ಲಿ ‘ಆಲ್ದೋ’ ಒಂದೇ ಮಾಡಿ ಮುಗಿಸುತ್ತದೆ. ನಡುವೆ ಅಲ್ಪವಿರಾಮ ಹಾಕಿದರಾಯಿತು. ಒತ್ತು ಬೇಕೆನಿಸಿದರೆ ‘ಯೆಟ್’ ಸೇರಿಸುವ ಹಳೆಯ ರೂಢಿಯೂ ಇದೆ. ಮಗಳಿಗೆ ಈ ಮಳೆಯ ವಾಕ್ಯವನ್ನೇ ಮೊದಲು ಹೇಳಿಕೊಡಿ.