ಮಂಗಳದ ಮಣ್ಣಲ್ಲಿ ಬಿಳಿಜೋಳ ಬಂದೀತಾ?

ಪ್ರಶ್ನೆ: ಸರ್, ಮಂಗಳ ಗ್ರಹವನ್ನು ನಮ್ಮ ಭೂಮಿಯ ಹಾಗೆ ಮಾಡಿ ಅಲ್ಲಿ ಊರು ಕಟ್ಟಬಹುದು ಅಂತಾರೆ. ನಿಜವಾ? ಅಲ್ಲಿಯ ಮಣ್ಣಲ್ಲಿ ನಮ್ಮ ಬಿಳಿಜೋಳ ಬೆಳೆಯುತ್ತಾ?
– ಪಿಯುಸಿ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ತಂಗಿ, ನೀನು ಮಣ್ಣಿನ ಮಾತು ಎತ್ತಿದ್ದು ಒಳ್ಳೆಯದಾಯಿತು. ಜಮಖಂಡಿ ಹತ್ತಿರ ನಮ್ಮದು ಎರಡು ಎಕರೆ ಎರೆ ಹೊಲ. ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ನಾವೇ ಅದನ್ನು ಸವಳು ಮಾಡಿಕೊಂಡೆವು. ಬೇಸಿಗೆ ಬಂತೆಂದರೆ ಸುಣ್ಣ ಚೆಲ್ಲಿದ ಹಾಗೆ ಬಿಳಿ ಉಪ್ಪು ಮೇಲೇಳುತ್ತಿತ್ತು. ಒಂದು ವರ್ಷ ಜೋಳ ಬಿತ್ತಿದೆ. ಗೇಣುದ್ದ ಎದ್ದು, ಎಲೆಯ ತುದಿ ಸುಟ್ಟುಕೊಂಡು ಒಣಗಿಹೋಯಿತು. ಆಮೇಲೆ ಬಸಿಗಾಲುವೆ ತೋಡಿಸಿ, ತೂತಿನ ಪೈಪು ಹೂಳಿ, ಜಿಪ್ಸಂ ಹಾಕಿ, ಡಯಂಚ ಬೆಳೆದು ಮಣ್ಣಿಗೆ ಸೇರಿಸಿದೆವು. ತೆನೆ ಕಾಣಲು ನಾಲ್ಕು ವರ್ಷ ಬೇಕಾಯಿತು.

ಮಂಗಳದಲ್ಲೂ ಇದೇ ಗೋಳು. 2008ರಲ್ಲಿ ನಾಸಾದ ಫೀನಿಕ್ಸ್ ನೌಕೆ ಅಲ್ಲಿಯ ಮಣ್ಣನ್ನು ನೀರಲ್ಲಿ ಕಲಸಿ ನೋಡಿದಾಗ ಪರ್ಕ್ಲೋರೇಟ್ ಸಿಕ್ಕಿತು. ನಮ್ಮ ಥೈರಾಯ್ಡ್‌ಗೆ ಆಗಿಬರದ ಉಪ್ಪು ಅದು. ನೀರಲ್ಲಿ ಕರಗುತ್ತದೆ, ಹಾಗಾಗಿ ತೊಳೆದು ತೆಗೆಯಬಹುದು. ಆದರೆ ಅಲ್ಲಿಯ ನೀರೆಲ್ಲ ಹೆಚ್ಚುಕಡಿಮೆ ಮಂಜುಗಡ್ಡೆ. ಸರಾಸರಿ ಚಳಿ ಮೈನಸ್ 60 ಡಿಗ್ರಿ. ಗಾಳಿಯ ಒತ್ತಡ ನಮ್ಮಲ್ಲಿಯ ನೂರರಲ್ಲಿ ಒಂದು ಪಾಲೂ ಇಲ್ಲ.

ಧ್ರುವಗಳ ಮಂಜು ಕರಗಿಸಿದರೆ ಅದರಲ್ಲಿ ಹೆಪ್ಪುಗಟ್ಟಿರುವ ಇಂಗಾಲದ ಡೈಆಕ್ಸೈಡ್ ಹೊರಬಂದು ಗ್ರಹ ಬೆಚ್ಚಗಾದೀತು ಎಂದು ಅಮೆರಿಕದ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ 1970ರ ದಶಕದಲ್ಲೇ ಯೋಚಿಸಿದ್ದರು. ನನಗೂ ಬಹಳ ಹಿಡಿಸಿದ ವಿಚಾರ ಅದು. ಆದರೆ 2018ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಆ ಮಂಜನ್ನೆಲ್ಲ ಆವಿ ಮಾಡಿದರೂ ಒತ್ತಡ ನಮ್ಮಲ್ಲಿಯ ಶೇ. 1.2ರಷ್ಟು ಆದೀತು, ಅಷ್ಟೇ. ಮಂಗಳಕ್ಕೆ ನಮ್ಮ ಹಾಗೆ ಇಡೀ ಗ್ರಹವನ್ನು ಕಾಯುವ ಕಾಂತಕ್ಷೇತ್ರ ಇಲ್ಲ. ಹಿಂದೆ ಇದ್ದ ದಟ್ಟ ಗಾಳಿಯಲ್ಲಿ ಬಹುಪಾಲನ್ನು ಸೂರ್ಯನ ಕಡೆಯಿಂದ ಬರುವ ಕಣಗಳೇ ಹೊತ್ತೊಯ್ದಿವೆ. ಈಗಲೂ ಸ್ವಲ್ಪ ಸ್ವಲ್ಪವೇ ಹೋಗುತ್ತಿದೆ.

ಹಾಗಾಗಿ ಈಗಿನ ತಂತ್ರಜ್ಞಾನದಲ್ಲಿ ಇಡೀ ಗ್ರಹ ಹಸಿರಾಗುವ ಮಾತಿಲ್ಲ. ಮುಚ್ಚಿದ, ಬೆಚ್ಚಗಿನ ಮನೆಯೊಳಗೆ, ತೊಳೆದ ಮಣ್ಣಲ್ಲಿ ಬೆಳೆ ತೆಗೆಯಬಹುದು ಎಂಬ ಆಸೆ ನನಗಿದೆ. ಮಂಗಳದ ನೆಲದ ಮೇಲೆ ಓಡಾಡುವ ನಾಸಾದ ಪರ್ಸಿವಿಯರೆನ್ಸ್ ರೋವರ್‌ನಲ್ಲಿದ್ದ ಮಾಕ್ಸಿ ಎಂಬ ಪೆಟ್ಟಿಗೆ 2021ರಿಂದ 2023ರವರೆಗೆ ಅಲ್ಲಿಯ ಗಾಳಿಯಿಂದಲೇ 122 ಗ್ರಾಂ ಆಮ್ಲಜನಕ ತೆಗೆಯಿತು. ಒಬ್ಬರ ಅರ್ಧ ದಿನದ ಉಸಿರಿಗೂ ಅದು ಸಾಲದು. ಆದರೂ ತೆಗೆಯಿತಲ್ವಾ!

ನೀನೊಂದು ಕೆಲಸ ಮಾಡು. ಎರಡು ಕುಂಡಗಳಿಗೆ ಸವಳು ಮಣ್ಣು ತುಂಬು. ತಳದಲ್ಲಿ ತೂತಿರಲಿ. ಒಂದನ್ನು ಒಳ್ಳೆ ನೀರಿನಿಂದ ಚೆನ್ನಾಗಿ ತೊಳೆ, ಇನ್ನೊಂದನ್ನು ಹಾಗೇ ಬಿಡು. ಎರಡರಲ್ಲೂ ಜೋಳ ಹಾಕು. ತೊಳೆಯಲು ಎಷ್ಟು ಕೊಡ ನೀರು ಹೋಯಿತು ಅಂತ ಬರೆದಿಟ್ಟು ನನಗೆ ತಿಳಿಸು.