ವೋಚರಿಗೆ ಸಹಿ ಮಾಡಿದ ಮೇಲೆ ಬಾರದ ನಿದ್ದೆ

ಕಳೆದ ಮಳೆಗಾಲದಲ್ಲಿ ಗದಗ-ಬೆಟಗೇರಿಯಿಂದ ಒಬ್ಬ ಮಹಿಳೆ ಹುಬ್ಬಳ್ಳಿಯ ನನ್ನ ಆಪ್ತಸಲಹೆಯ ಕೊಠಡಿಗೆ ಬಂದರು. ನೇಕಾರರ ಮಕ್ಕಳಿಗೆ ಸಂಜೆಪಾಠ ನಡೆಸುವ ಚಿಕ್ಕ ಸಂಸ್ಥೆಯೊಂದರ ಕಾರ್ಯದರ್ಶಿ. ಮಕ್ಕಳು ಅವರನ್ನು ಅಕ್ಕ ಎನ್ನುತ್ತಾರೆ, ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೆ ಓದಿ ಹೇಳಿ ಒಪ್ಪಿಗೆ ಪಡೆದಿದ್ದೇನೆ.

ಅಕ್ಕ ಹೇಳಿಕೊಂಡ ತೊಂದರೆ ನಿದ್ದೆಯದು. ಎರಡು ತಿಂಗಳಿಂದ ನಸುಕಿನ ಮೂರಕ್ಕೆ ಎಚ್ಚರ, ಆಮೇಲೆ ಎದೆಬಡಿತ. ಮೊದಲ ದಿನ ಬರೀ ಮನೆಯ ಮಾತೇ ಆಯಿತು. ಹೊರಡುವ ಹೊತ್ತಿಗೆ ಚೀಲ ಹೆಗಲಿಗೇರಿಸಿಕೊಂಡು, "ಮೇಡಂ, ನಾನೊಂದು ವೋಚರಿಗೆ ಸಹಿ ಮಾಡಿದ್ದೇನೆ" ಎಂದರು. ಮತ್ತೆ ಕೂಡಲು ಹೇಳಿದೆ.

ದಾನಿಯೊಬ್ಬರು ಮಕ್ಕಳ ಶಾಲಾ ಚೀಲಗಳಿಗೆ ಹಣ ಕೊಟ್ಟಿದ್ದರು. ಸಂಸ್ಥೆಯ ಅಧ್ಯಕ್ಷರು ನಿವೃತ್ತ ಶಿಕ್ಷಕರು, ಅದನ್ನು ಕಟ್ಟಿ ಬೆಳೆಸಿದವರು, ಅಕ್ಕನ ತಂದೆಯ ಗೆಳೆಯರು. ಓಣಿಗೆಲ್ಲ ಮಾಸ್ತರರು, ಅಕ್ಕನಿಗೆ ಕಾಕಾ. ಅವರು ದರಪಟ್ಟಿ ಕರೆಯದೆ ಅಳಿಯನ ಅಂಗಡಿಯಿಂದಲೇ ಚೀಲಗಳನ್ನು ತರಿಸಿದರು. ಬಿಲ್ ಬಂತು, ಹಣ ಕೊಡುವ ವೋಚರಿಗೆ ಅಕ್ಕ ಸಹಿ ಹಾಕಿದರು. "ಕಾಕಾ ಅಂಥವರಲ್ಲ. ಆದರೆ ನಾಳೆ ದಾನಿಗಳು ಕೇಳಿದರೆ ನಾನೇನು ಹೇಳಲಿ?"

ರಾಜೀನಾಮೆ ಕೊಡುವುದು ಇಲ್ಲವೇ ದೂರು ಕೊಡುವುದು, ಅಕ್ಕನಿಗೆ ಕಂಡದ್ದು ಈ ಎರಡೇ ದಾರಿ. ಎರಡನ್ನೂ ಸದ್ಯಕ್ಕೆ ಬದಿಗಿಟ್ಟು, ಅಂಥದೇ ಚೀಲದ ಬೆಲೆಯನ್ನು ಪೇಟೆಯ ಮೂರು ಅಂಗಡಿಗಳಲ್ಲಿ ವಿಚಾರಿಸಿಕೊಂಡು ಬರಲು ಹೇಳಿದೆ. ಅಳಿಯನ ದರ ಎರಡು ಅಂಗಡಿಗಳಿಗಿಂತ ಕಡಿಮೆಯೇ ಇತ್ತು. ಅದನ್ನು ಹೇಳುತ್ತಾ ಅಕ್ಕ ಅತ್ತರು. ಆದರೂ ನಿದ್ದೆ ಮರಳಲಿಲ್ಲ.

ನನಗೆ ರೋಗದ ಬೇರು ಕಂಡದ್ದು ಅಲ್ಲಿ. ದರ ಸರಿಯಿದೆ ಎಂದು ತಿಳಿಯಲು ಕಾರ್ಯದರ್ಶಿಯೇ ಕದ್ದುಮುಚ್ಚಿ ಅಂಗಡಿ ಅಲೆಯಬೇಕಾಯಿತು. ಸಭೆಯಲ್ಲಿ ಸಹಜವಾಗಿ ಕೇಳಬೇಕಾದ ಪ್ರಶ್ನೆಯನ್ನು ಅಕ್ಕ ಕೇಳಿದ್ದರೆ ಕಾಕಾನ ಮೇಲೆ ಕಳ್ಳತನ ಹೊರಿಸಿದಂತೆ ಆಗುತ್ತಿತ್ತು. ಕೇಳುವ ಭಾರವನ್ನು ಒಬ್ಬ ಹೆಣ್ಣುಮಗಳ ಹೆಗಲಿನಿಂದ ಇಳಿಸಿ ಕಾಗದದ ಮೇಲೆ ಇಡಬೇಕಿತ್ತು. ನೀತಿಸಂಹಿತೆ ಬರೆಯಿರಿ ಎಂದು ನಾನು ಸಲಹೆ ಕೊಟ್ಟದ್ದು ಇದಕ್ಕಾಗಿ.

"ಬೈಲಾ ಇದೆಯಲ್ಲ" ಎಂದರು. ಇದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದ ಸಂಘಕ್ಕೆ ನಿಯಮಾವಳಿ ಇರಲೇಬೇಕು. ಸಭೆ ಯಾರು ಕರೆಯಬೇಕು, ಸಭೆಗೆ ಕನಿಷ್ಠ ಎಷ್ಟು ಜನ ಇರಬೇಕು ಎಂಬುದು ಅದರಲ್ಲಿರುತ್ತದೆ. ಅಧ್ಯಕ್ಷರ ಅಳಿಯನಿಗೆ ಅಂಗಡಿಯಿದ್ದರೆ ಏನು ಮಾಡಬೇಕು ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಸಂಬಂಧಿಕರಿಂದ ಏನನ್ನೂ ಕೊಳ್ಳಬಾರದು ಎಂದು ಬರೆಯುವುದು ಬೇಡ ಎಂದೆ. ಎಲ್ಲರೂ ಎಲ್ಲರಿಗೂ ಬೀಗರಾಗಿರುವ ಊರಿನಲ್ಲಿ ಆ ನಿಯಮ ಒಂದು ವರ್ಷವೂ ಬಾಳದು. ಬದಲಿಗೆ ಸಂಬಂಧವನ್ನು ಮೊದಲೇ ಬರೆದುಕೊಡಬೇಕು, ಮೂರು ದರಪಟ್ಟಿ ಇರಬೇಕು, ನಿರ್ಧಾರವಾಗುವಾಗ ಸಂಬಂಧಪಟ್ಟವರು ಸಭೆಯಿಂದ ಎದ್ದು ಹೋಗಬೇಕು, ಹೋದದ್ದು ನಡಾವಳಿಯಲ್ಲಿ ದಾಖಲಾಗಬೇಕು. ಸಂಸ್ಥಾಪಕರಿಗೋ ಅವರ ನಂಟರಿಗೋ ಸಂಸ್ಥೆಯ ಹಣದಿಂದ ಅನುಚಿತ ಲಾಭವಾದರೆ ಆದಾಯ ತೆರಿಗೆ ವಿನಾಯಿತಿಗೇ ಕುತ್ತು ಬರುತ್ತದೆ ಎಂಬುದನ್ನೂ ತಿಳಿಸಿದೆ.

ಈ ಮಾತುಕತೆಯ ನಡುವೆ ಬೇರೊಂದು ಸಂಗತಿ ಹೊರಬಿತ್ತು. ನನಗೆ ಚೀಲಕ್ಕಿಂತ ಇದೇ ದೊಡ್ಡದು. ಚೀಲ ಹಂಚಿದ ದಿನ ಫೋಟೊ ತೆಗೆದು, ಒಬ್ಬ ಹುಡುಗಿಯ ಚಿತ್ರದ ಕೆಳಗೆ 'ತಂದೆಯಿಲ್ಲದ ಮಗುವಿಗೆ ನೆರವು' ಎಂದು ಬರೆದು ವಾಟ್ಸ್ಆ್ಯಪ್‌ನಲ್ಲಿ ಹಾಕಿದ್ದರು. ತಂದೆ ಇದ್ದಾನೆ, ಮನೆ ಬಿಟ್ಟು ಹೋಗಿದ್ದಾನೆ. ಶಾಲೆಯಲ್ಲಿ ಗೆಳತಿಯರು ಅದನ್ನು ಓದಿ ಹೇಳಿದ ಮೇಲೆ ಹುಡುಗಿ ಚೀಲವನ್ನು ಮೂಲೆಗೆ ಎಸೆದಳಂತೆ. ಅವಳ ತಾಯಿ ಕೇಂದ್ರಕ್ಕೆ ಬಂದು ಜಗಳವಾಡಲಿಲ್ಲ, ಬಾಗಿಲಲ್ಲೇ ನಿಂತು, "ಚೀಲ ವಾಪಸ್ ತಗೊಳ್ಳಿ, ಫೋಟೊ ಅಳಿಸಿ" ಎಂದರಂತೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೂ ಮಗುವಿನ ಮಾನವನ್ನು ಹೀಗೆ ಬೀದಿಗೆ ಇಡಬಲ್ಲದು. ತಾಯಿಯ ಒಪ್ಪಿಗೆ ಪಡೆಯಬೇಕು, ಮಗುವನ್ನೂ ಕೇಳಬೇಕು, ಕೈಯೊಡ್ಡಿ ನಿಂತ ಚಿತ್ರ ಬೇಡವೇ ಬೇಡ, ಮನೆಯ ಕಷ್ಟ ದಾನಿಗೂ ಹೇಳಬಾರದು. ಇದನ್ನು ಮೊದಲ ಪುಟದಲ್ಲೇ ಬರೆಯಿರಿ, ಬರೆಯುವ ಮೊದಲು ಆ ತಾಯಿಯ ಮನೆಗೆ ಹೋಗಿ ಕ್ಷಮೆ ಕೇಳಿ ಬನ್ನಿ ಎಂದೆ. ಅಕ್ಕ ಮರುದಿನವೇ ಹೋದರು.

ಮಾಸ್ತರರ ಮುಂದೆ ನೀತಿಸಂಹಿತೆಯ ಮಾತು ತೆಗೆಯುವುದು ಹೇಗೆ ಎಂಬ ಅಂಜಿಕೆ ಮಾತ್ರ ಉಳಿದಿತ್ತು. "ನೀವು ಅವರ ಯಾವ ನಡತೆ ನೋಡಿ ಈ ಕೆಲಸಕ್ಕೆ ಸೇರಿದಿರಿ?" ಎಂದು ಕೇಳಿದೆ. ಅಕ್ಕ ಬಹಳ ಹೊತ್ತು ಸುಮ್ಮನಿದ್ದು, ಮೊದಲ ವರ್ಷಗಳಲ್ಲಿ ಮಾಸ್ತರರು ಸ್ವಂತ ಪತ್ರಕ್ಕೆ ಸಂಸ್ಥೆಯ ಅಂಚೆಚೀಟಿ ಹಚ್ಚುತ್ತಿರಲಿಲ್ಲ, ಎರಡೂ ಬೇರೆ ಬೇರೆ ಡಬ್ಬಿಯಲ್ಲಿರುತ್ತಿದ್ದವು ಎಂದರು. ಆ ಎರಡು ಡಬ್ಬಿಗಳಿಂದಲೇ ಮಾತು ಶುರುಮಾಡಿ, ಸಭೆಯಲ್ಲಿ ಬೇಡ, ರವಿವಾರ ಮನೆಗೆ ಹೋಗಿ, ಕಾಕಿಯೂ ಇರಲಿ ಎಂದೆ.

ಮಾಸ್ತರರು ಮೊದಲು ನೊಂದುಕೊಂಡರು. "ಬರೆದಿಡಬೇಕು ಅಂದರೆ ನಂಬಿಕೆ ಇಲ್ಲ ಅಂತಲ್ಲವೇ?" ಎಂದರಂತೆ. ಅಕ್ಕ ನಾವು ಮೊದಲೇ ಆಡಿಕೊಂಡಿದ್ದ ಮಾತನ್ನು ಹೇಳಿದರು: ಇಲ್ಲೇ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಸೇರಿದವರು ಒಬ್ಬರನ್ನೊಬ್ಬರು ಬಲ್ಲವರೇ, ಆದರೂ ಕಾಯ್ದೆಯಡಿ ನೋಂದಣಿ ಮಾಡಿಸಿದರು. ಮಾಸ್ತರರು ಉತ್ತರ ಕೊಡಲಿಲ್ಲ. ಮೂರು ದಿನ ಬಿಟ್ಟು ತಾವೇ ಫೋನ್ ಮಾಡಿ ಕರಡು ತರಲು ಹೇಳಿದರು.

ಕರಡು ಈಗ ಎರಡು ಪುಟವಿದೆ. ಖರೀದಿಯ ನಿಯಮಕ್ಕೆ, ಫೋಟೊದ ನಿಯಮಕ್ಕೆ ಎಲ್ಲರ ಸಹಿಯಾಗಿದೆ. ಅಳಿಯ ತನ್ನ ಅಂಗಡಿಯ ವಿವರ ಬರೆದುಕೊಟ್ಟಿದ್ದಾರೆ. ದೂರು ಬಂದರೆ ಯಾರು ಕೇಳಬೇಕು ಎಂಬ ನಿಯಮ ಇನ್ನೂ ಮುಗಿದಿಲ್ಲ. ಸಂಸ್ಥೆಯಲ್ಲಿ ಹನ್ನೊಂದು ಜನರಿದ್ದಾರೆ, ಸಂಬಳ ನಾಲ್ವರಿಗೆ ಮಾತ್ರ, ಉಳಿದವರು ಸೇವೆಗೆ ಬರುವವರು. ಹೀಗಾಗಿ ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆ ತಮಗಿಲ್ಲ ಎಂದುಕೊಂಡಿದ್ದರು. ಆ ಕಾಯ್ದೆ ಸ್ವಯಂಸೇವಕರನ್ನೂ ಉದ್ಯೋಗಿಗಳೆಂದೇ ಎಣಿಸುತ್ತದೆ, ಹತ್ತು ಅಥವಾ ಹೆಚ್ಚು ಜನರಿದ್ದರೆ ಇಂಥ ದೂರು ಕೇಳುವ ಆಂತರಿಕ ಸಮಿತಿ ಬೇಕು, ಅದರಲ್ಲಿ ಹೊರಗಿನ ಒಬ್ಬ ಸದಸ್ಯರಿರಬೇಕು. ಗದಗಿನ ಒಬ್ಬ ವಕೀಲೆ ಒಪ್ಪಿದ್ದಾರೆ. ಹಣದ ದೂರು ಅಧ್ಯಕ್ಷರ ಮೇಲೆಯೇ ಬಂದರೆ ಯಾರು ಕೇಳಬೇಕು ಎಂಬುದರ ಬಗ್ಗೆ ಎರಡು ಸಭೆ ನಡೆದರೂ ಮಾತು ಮುಗಿದಿಲ್ಲ. ಆ ಸಾಲಿನ ಜಾಗವನ್ನು ಖಾಲಿ ಬಿಟ್ಟಿದ್ದಾರೆ.

ಅಕ್ಕನಿಗೆ ವಾರದಲ್ಲಿ ಐದು ರಾತ್ರಿ ನಿದ್ದೆ ಬರುತ್ತಿದೆ. ಎದೆಬಡಿತಕ್ಕೆ ವೈದ್ಯರನ್ನು ಕಂಡು ಬರಲು ಕಳಿಸಿದ್ದೇನೆ. ಆ ಹುಡುಗಿ ಕೇಂದ್ರಕ್ಕೆ ಮತ್ತೆ ಬರುತ್ತಿದ್ದಾಳೆ, ಹಳೆಯ ಚೀಲ ಹಾಕಿಕೊಂಡು.